ಗಾಯಕ್ಕೆ ಬೀಳುವ ಹುಳ

ನೊಣದ ಮರಿಹುಳುಗಳು ಬದುಕಿರುವ ಮನುಷ್ಯನ ಅಥವಾ ಪ್ರಾಣಿಯ ದೇಹ ಹೊಕ್ಕು, ಅಲ್ಲಿನ ಮಾಂಸ, ರಕ್ತ, ಕೀವುಗಳನ್ನು ತಿಂದು ಬೆಳೆಯುವುದಕ್ಕೆ ವೈದ್ಯಶಾಸ್ತ್ರದಲ್ಲಿ ಮಯಾಸಿಸ್ ಎಂಬ ಹೆಸರಿದೆ. ಇಂಗ್ಲೆಂಡಿನ ಕೀಟತಜ್ಞ ಫ್ರೆಡರಿಕ್ ವಿಲಿಯಂ ಹೋಪ್ 1840ರಲ್ಲಿ ಈ ಹೆಸರನ್ನು ಬಳಕೆಗೆ ತಂದ. ಹಳ್ಳಿಗಳಲ್ಲಿ ‘ಗಾಯಕ್ಕೆ ಹುಳ ಬಿದ್ದಿದೆ’ ಎನ್ನುವುದು ಇದನ್ನೇ. ಗಾಯ ಕೊಳೆತರೆ ಹುಳ ತಾನಾಗಿಯೇ ಹುಟ್ಟುತ್ತದೆ ಎಂಬ ನಂಬಿಕೆ ಈಗಲೂ ಅಲ್ಲಲ್ಲಿ ಉಳಿದಿದೆ. ಇಟಲಿಯ ಫ್ರಾಂಚೆಸ್ಕೊ ರೆಡಿ 1668ರಷ್ಟು ಹಿಂದೆಯೇ ಇದನ್ನು ಪರೀಕ್ಷಿಸಿದ್ದ. ಮಾಂಸವಿಟ್ಟ ಜಾಡಿಗಳಲ್ಲಿ ಕೆಲವನ್ನು ತೆರೆದಿಟ್ಟು, ಕೆಲವಕ್ಕೆ ತೆಳುಬಟ್ಟೆ ಕಟ್ಟಿದ. ಬಟ್ಟೆ ಕಟ್ಟಿದ ಜಾಡಿಯ ಮಾಂಸ ಕೊಳೆಯಿತು, ಆದರೆ ಅದರಲ್ಲಿ ಹುಳವಾಗಲಿಲ್ಲ. ನೊಣ ಕೂರದ ಗಾಯಕ್ಕೂ ಹುಳ ಬೀಳದು.

ಎಲ್ಲ ನೊಣಗಳ ರೀತಿಯೂ ಒಂದಲ್ಲ. ಸತ್ತ ಪ್ರಾಣಿ, ತಿಪ್ಪೆ, ಕೊಳೆತ ಆಹಾರದಲ್ಲಿ ಬೆಳೆಯುವ ನೊಣಗಳು ಹೊಲಸಾದ ಗಾಯ ಸಿಕ್ಕರೆ ಅಲ್ಲಿಯೂ ಮೊಟ್ಟೆಯಿಡುತ್ತವೆ. ಹಣ್ಣಿನ ಜತೆ ಹೊಟ್ಟೆ ಸೇರುವ ಹುಳಗಳು ಹೆಚ್ಚಾಗಿ ಏನೂ ಮಾಡದೆ ಹೊರಬೀಳುತ್ತವೆ. ಮೂರನೆಯ ಬಗೆಯವು ಹಾಗಲ್ಲ. ಬದುಕಿರುವ ದೇಹದ ಮಾಂಸ ಸಿಗದಿದ್ದರೆ ಅವುಗಳ ಸಂತತಿಯೇ ಮುಂದುವರಿಯದು. ಭಾರತದಲ್ಲಿ ದನಕರು, ನಾಯಿ, ಮನುಷ್ಯರನ್ನು ಹೆಚ್ಚಾಗಿ ಕಾಡುವ ಕ್ರೈಸೊಮಿಯಾ ಬೆಜಿಯಾನಾ ಈ ಗುಂಪಿಗೆ ಸೇರಿದ್ದು. ಆಫ್ರಿಕಾದಿಂದ ಕೊಲ್ಲಿ ದೇಶಗಳು, ಭಾರತ, ಆಗ್ನೇಯ ಏಷ್ಯಾವರೆಗೂ ಹರಡಿರುವ, ನೀಲಿ-ಹಸಿರು ಹೊಳಪಿನ ನೊಣವಿದು.

ಇದರ ಹೆಣ್ಣು ಕೊಳೆತ ಗಾಯಕ್ಕಾಗಿ ಕಾಯುವುದಿಲ್ಲ. ಹಸಿ ರಕ್ತದ ವಾಸನೆ ಸಾಕು. ಗಾಯದ ಒಣ ಅಂಚಿನಲ್ಲಿ ಒಂದಕ್ಕೊಂದು ಅಂಟಿದ ನೂರೈವತ್ತು, ಇನ್ನೂರು ಬಿಳಿ ಮೊಟ್ಟೆಗಳನ್ನು ಒಂದೇ ಸಲಕ್ಕೆ ಇಟ್ಟು ಹಾರಿಹೋಗುತ್ತದೆ. ಒಂದು ದಿನದೊಳಗೆ ಮೊಟ್ಟೆಯೊಡೆದ ಮರಿಗಳು ಗಾಯದ ಒಳಕ್ಕೆ ಇಳಿಯುತ್ತವೆ. ಬಾಯಿಯ ಕೊಕ್ಕೆಗಳಿಂದ ಮಾಂಸ ಹರಿದು ತಿನ್ನುತ್ತ, ತಲೆ ಕೆಳಗೆ, ಬಾಲ ಮೇಲೆ ಮಾಡಿಕೊಂಡು ಒತ್ತೊತ್ತಾಗಿ ನಿಲ್ಲುತ್ತವೆ. ಉಸಿರಾಟದ ರಂಧ್ರಗಳು ಬಾಲದ ತುದಿಯಲ್ಲಿರುವುದರಿಂದ ಬಾಲವನ್ನು ಗಾಳಿಗೆ ಒಡ್ಡಲೇಬೇಕು. ಗಾಯವನ್ನು ಬೆಳಕಿಗೆ ಹಿಡಿದು ನೋಡಿದರೆ ರಕ್ತಮಿಶ್ರಿತ ನೀರಿನ ನಡುವೆ ಅಲುಗಾಡುವ ಜೋಡಿ ಕಪ್ಪು ಚುಕ್ಕೆಗಳು ಕಾಣುತ್ತವೆ. ಮುಟ್ಟಿದೊಡನೆ ಅವು ಒಳಕ್ಕೆ ಸರಿಯುತ್ತವೆ. ಮೈಸುತ್ತಲೂ ಮುಳ್ಳಿನ ಪಟ್ಟಿಗಳಿರುವ ಈ ಹುಳ ಮರದೊಳಗಿನ ತಿರುಪುಮೊಳೆಯಂತೆ ಮಾಂಸದಲ್ಲಿ ಕಚ್ಚಿಕೊಂಡಿರುತ್ತದೆ. ಎಳೆದರೆ ಸುಲಭಕ್ಕೆ ಬಾರದು. ಐದಾರು ದಿನಗಳಲ್ಲಿ ಸುಮಾರು ಒಂದೂವರೆ ಸೆಂಟಿಮೀಟರ್ ಬೆಳೆದು, ತಾನಾಗಿ ನೆಲಕ್ಕೆ ಉದುರಿ, ಮಣ್ಣಿನೊಳಗೆ ಕೋಶವಾಗುತ್ತದೆ. ಬೆಚ್ಚಗಿನ ಹವೆಯಲ್ಲಿ ವಾರದ ಆಸುಪಾಸಿನಲ್ಲಿ ಹೊಸ ನೊಣ ಹೊರಬರುತ್ತದೆ. ಅಷ್ಟರಲ್ಲಿ ಗಾಯದ ದುರ್ವಾಸನೆ ಇನ್ನಷ್ಟು ನೊಣಗಳನ್ನು ಕರೆದಿರುತ್ತದೆ. ಆದ್ದರಿಂದಲೇ ಒಂದೇ ಗಾಯದಲ್ಲಿ ಬೇರೆ ಬೇರೆ ಗಾತ್ರದ ಹುಳಗಳು ಸಿಗುವುದು.

ದನಕರುಗಳಲ್ಲಿ ಇದಕ್ಕೆ ದೊಡ್ಡ ಗಾಯವೇ ಆಗಬೇಕಿಲ್ಲ. ಉಣುಗು ಕಚ್ಚಿದ ಜಾಗ, ಮುರಿದ ಕೊಂಬಿನ ಬುಡ, ನೊಗ ಉಜ್ಜಿದ ಹೆಗಲು, ಮೂಗುದಾರ ಹಾಕಿದ ಮೂಗು, ಆಗಷ್ಟೇ ಹುಟ್ಟಿದ ಕರುವಿನ ಹಸಿ ಹೊಕ್ಕುಳು, ಯಾವುದಾದರೂ ಆದೀತು. ಕಾಲುಬಾಯಿ ಜ್ವರ ಬಂದುಹೋದ ಮೇಲೆ ಗೊರಸಿನ ಸಂದಿನ ಹುಣ್ಣಿಗೆ ಹುಳ ಬೀಳುವುದು ರೈತರಿಗೆ ಚೆನ್ನಾಗಿ ಗೊತ್ತಿರುವ ಸಂಗತಿ. ಮಳೆಗಾಲದಲ್ಲಿ ಕಾಟ ಹೆಚ್ಚು. ಬೀದಿನಾಯಿಗಳ ಸ್ಥಿತಿ ಇನ್ನೂ ದಾರುಣ. ಮೈಯ ಗಾಯವನ್ನು ನಾಯಿ ನೆಕ್ಕಿಕೊಳ್ಳಬಲ್ಲದು. ತಲೆ, ಕುತ್ತಿಗೆ, ಕಿವಿಗೆ ಅದರ ನಾಲಿಗೆ ತಲುಪದು. ಅಲ್ಲಿ ಬಿದ್ದ ಹುಳ ಒಳಕ್ಕೆ ಕೊರೆದು ಪ್ರಾಣವನ್ನೇ ತೆಗೆಯಬಹುದು.

ಕುರಿಗಳಿಗೆ ಬೇರೊಂದು ಶತ್ರುವಿದೆ. ಈಸ್ಟ್ರಸ್ ಓವಿಸ್ ಎಂಬ ನೊಣ ಮೊಟ್ಟೆಯಿಡದೆ, ಹಾರುತ್ತಲೇ ಕುರಿಯ ಮೂಗಿಗೆ ಜೀವಂತ ಮರಿಗಳನ್ನು ಚಿಮ್ಮಿಸುತ್ತದೆ. ಅವು ಮೂಗಿನ ಮೇಲ್ಭಾಗಕ್ಕೆ ಏರಿ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಅಲ್ಲೇ ಉಳಿಯುತ್ತವೆ. ಈ ನೊಣ ಒಮ್ಮೊಮ್ಮೆ ಮನುಷ್ಯರ ಕಣ್ಣಿಗೂ ಮರಿಗಳನ್ನು ಎರಚುತ್ತದೆ. ಕಣ್ಣಿಗೆ ಏನೋ ಬಡಿದಂತಾಗಿ, ಸ್ವಲ್ಪ ಹೊತ್ತಿನಲ್ಲೇ ಉರಿ, ನೀರು, ಕೆಂಪು ಶುರುವಾಗುತ್ತವೆ. ಮನುಷ್ಯನ ಕಣ್ಣಿನಲ್ಲಿ ಈ ಮರಿಗಳು ಹೆಚ್ಚು ಬೆಳೆಯಲಾರವು. ಆದರೂ ಕಣ್ಣುಜ್ಜದೆ ವೈದ್ಯರಲ್ಲಿಗೆ ಹೋಗಿ ತೆಗೆಸಿಕೊಳ್ಳಬೇಕು.

ಮನುಷ್ಯರಲ್ಲಿ ಹುಳ ಬೀಳುವುದು ಬಹುಮಟ್ಟಿಗೆ ಆರೈಕೆಯಿಲ್ಲದವರಿಗೆ. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶಜ್ಞಾನ ಕಳೆದುಕೊಂಡವರು, ಕುಷ್ಠದ ಹುಣ್ಣಿರುವವರು, ಹಾಸಿಗೆ ಹಿಡಿದ ವೃದ್ಧರು, ಬಾಯಿ ಮುಚ್ಚಲಾಗದ ಅಂಗವಿಕಲರು, ಕಿವಿ ಸೋರುವ ಬಡವರ ಮಕ್ಕಳು, ಇವರೇ ಹೆಚ್ಚು. ಮೂಗಿನ ಒಳಪೊರೆ ಸವೆದು ದುರ್ವಾಸನೆ ಬರುವ ಕಾಯಿಲೆಯವರಿಗೆ ತಮ್ಮ ಮೂಗಿನ ವಾಸನೆ ತಮಗೇ ತಿಳಿಯದು, ನೊಣಕ್ಕೆ ಮಾತ್ರ ತಿಳಿಯುತ್ತದೆ. ಮೂಗಿನಿಂದ ರಕ್ತ ಬಂದು, ಮುಖ ಊದಿ, ಒಳಗೇನೋ ಹರಿದಾಡಿದಂತಾದಾಗಲಷ್ಟೇ ಅವರು ಆಸ್ಪತ್ರೆಗೆ ಬರುತ್ತಾರೆ. ಇದನ್ನು ಪಾಪದ ಫಲವೆಂದೋ ಶಾಪವೆಂದೋ ಮುಚ್ಚಿಡುವುದು ರೋಗಿಗೆ ಮಾಡುವ ಎರಡನೆಯ ಅನ್ಯಾಯ. ಮೂಗು, ಕಿವಿ, ಕಣ್ಣಿನ ಹತ್ತಿರದ ಹುಳ ಮೂಳೆಯನ್ನೂ ದಾಟಿ ಮಿದುಳಿನತ್ತ ಸಾಗಬಹುದಾದ್ದರಿಂದ ಒಂದು ದಿನದ ತಡವೂ ಸಲ್ಲದು.

ಚಿಕಿತ್ಸೆಯಲ್ಲಿ ಮೊದಲ ಕೆಲಸ ಹುಳಗಳನ್ನು ಹೊರಗೆ ಬರಿಸುವುದು. ವೈದ್ಯರು ಟರ್ಪೆಂಟೈನ್ ಎಣ್ಣೆಯಲ್ಲಿ ಅದ್ದಿದ ಹತ್ತಿಯನ್ನು ಗಾಯದ ಬಾಯಿಗೆ ಇಟ್ಟಾಗ ಉಸಿರುಗಟ್ಟಿದ ಹುಳಗಳು ಮೇಲಕ್ಕೆ ಬರುತ್ತವೆ. ಚಿಮಟದಿಂದ ಒಂದೊಂದಾಗಿ ತೆಗೆಯುತ್ತಾರೆ. ಅರ್ಧಕ್ಕೆ ಬಿಡುವಂತಿಲ್ಲ, ಒಳಗುಳಿದವು ಕೊರೆಯುವುದನ್ನು ನಿಲ್ಲಿಸುವುದಿಲ್ಲ. ಸತ್ತ ಅಂಗಾಂಶ ಕತ್ತರಿಸಿ, ಗಾಯ ತೊಳೆದು, ಐವರ್ಮೆಕ್ಟಿನ್, ಪ್ರತಿಜೀವಕ, ಧನುರ್ವಾಯುವಿನ ಚುಚ್ಚುಮದ್ದುಗಳನ್ನು ಅಗತ್ಯ ನೋಡಿ ಕೊಡುತ್ತಾರೆ. ಪ್ರಾಣಿಗಳ ಗಾಯಕ್ಕೆ ಪೆಟ್ರೋಲ್, ಫಿನಾಯಿಲ್ ಸುರಿಯುವ ರೂಢಿ ಬಿಡಬೇಕು. ಅದು ಹುಳದ ಜತೆ ಜೀವಂತ ಮಾಂಸವನ್ನೂ ಸುಡುತ್ತದೆ. ಬೆಕ್ಕಿಗಂತೂ ಟರ್ಪೆಂಟೈನ್, ಫಿನಾಯಿಲ್ ಎರಡೂ ವಿಷ.

ಇಂಥ ಹುಳಗಳ ವಿರುದ್ಧ ವಿಜ್ಞಾನ ಪಡೆದ ದೊಡ್ಡ ಗೆಲುವು ಅಮೆರಿಕ ಖಂಡದ್ದು. ಅಲ್ಲಿನ ಕಾಕ್ಲಿಯೊಮಿಯಾ ಹಾಮಿನಿವೊರಾಕ್ಸ್ ಕೂಡ ಜೀವಂತ ಮಾಂಸವನ್ನೇ ತಿನ್ನುವ ನೊಣ. ಅದರ ಹೆಣ್ಣು ಜೀವನದಲ್ಲಿ ಸಾಮಾನ್ಯವಾಗಿ ಒಂದೇ ಸಲ ಕೂಡುತ್ತದೆ ಎಂಬುದನ್ನು ಗಮನಿಸಿದ ವಿಜ್ಞಾನಿ ಎಡ್ವರ್ಡ್ ನಿಪ್ಲಿಂಗ್, ಆ ಕೂಟವೇ ಬಂಜೆಯಾದರೆ ಸಂತತಿ ತಾನಾಗಿ ಅಳಿದೀತು ಎಂದು ಯೋಚಿಸಿದ. ಅವನೂ ರೇಮಂಡ್ ಬುಷ್‌ಲ್ಯಾಂಡ್ ಕೂಡ ಸೇರಿ, ವಿಕಿರಣದಿಂದ ಬಂಜೆ ಮಾಡಿದ ಗಂಡು ನೊಣಗಳನ್ನು ಬಿಡುವ ವಿಧಾನ ರೂಪಿಸಿದರು. 1954ರಲ್ಲಿ ಕುರಸಾವೊ ದ್ವೀಪದಲ್ಲಿ ಕೆಲವೇ ತಿಂಗಳಲ್ಲಿ ಆ ನೊಣ ಇಲ್ಲವಾಯಿತು. ಮುಂದೆ ಅಮೆರಿಕ ಸಂಯುಕ್ತ ಸಂಸ್ಥಾನ, ಮೆಕ್ಸಿಕೊ, ಮಧ್ಯ ಅಮೆರಿಕದಿಂದಲೂ ಅದನ್ನು ಹಿಂದಕ್ಕಟ್ಟಲಾಯಿತು. 1988ರಲ್ಲಿ ಲಿಬಿಯಾದಲ್ಲಿ ಕಾಣಿಸಿಕೊಂಡಾಗ ಮೆಕ್ಸಿಕೊದಿಂದ ಬಂಜೆ ನೊಣಗಳನ್ನು ವಿಮಾನದಲ್ಲಿ ತಂದು ಹತ್ತಿಕ್ಕಿದರು. ಇಬ್ಬರು ವಿಜ್ಞಾನಿಗಳಿಗೂ 1992ರ ವಿಶ್ವ ಆಹಾರ ಪ್ರಶಸ್ತಿ ಸಂದಿತು. ಆದರೆ ಕಾವಲು ಸಡಿಲವಾದರೆ ನೊಣ ಮರಳುತ್ತದೆ: 2023ರಿಂದ ಪನಾಮಾದಲ್ಲಿ ಮತ್ತೆ ಹೆಚ್ಚಿ, 2024ರ ನವೆಂಬರಿನಲ್ಲಿ ಮೆಕ್ಸಿಕೊ ತಲುಪಿತು.

ಭಾರತದಲ್ಲಿ ಇರುವ ದಾರಿ ಗಾಯದ ಆರೈಕೆಯೊಂದೇ. ಅದಕ್ಕೆ ಹೆಚ್ಚಿನ ಖರ್ಚಿಲ್ಲ. ಕರು ಹುಟ್ಟಿದೊಡನೆ ಹೊಕ್ಕುಳಿಗೆ ಟಿಂಚರ್ ಅಯೋಡಿನ್ ಹಚ್ಚಬೇಕು. ಕೊಟ್ಟಿಗೆಯ ಸಗಣಿ ದಿನವೂ ತೆಗೆಯಬೇಕು. ಸಣ್ಣ ಗಾಯವನ್ನೂ ತೊಳೆದು ನೊಣ ಕೂರದಂತೆ ಔಷಧ ಹಾಕಬೇಕು. ಹಾಸಿಗೆ ಹಿಡಿದವರ ಬಾಯಿ, ಕಿವಿ, ಬೆನ್ನು, ಪಾದಗಳನ್ನು ಮನೆಯವರು ದಿನಕ್ಕೊಮ್ಮೆ ಬೆಳಕಿನಲ್ಲಿ ನೋಡಲೇಬೇಕು. ಮೊಟ್ಟೆ ಹುಳವಾಗಲು ಒಂದು ದಿನ ಸಾಕು.