ಕತ್ತಿ ತಾಗದ ಚಿಕಿತ್ಸೆ: ಧ್ವನಿತರಂಗಗಳ ಸಂಗಮ

ನಂಜನಗೂಡು ಮತ್ತು ತಿ.ನರಸೀಪುರ ತಾಲ್ಲೂಕುಗಳ ಗ್ರಾಮಗಳಲ್ಲಿ ‘ಆಪರೇಷನ್’ ಎಂಬ ಮಾತು ಕಿವಿಗೆ ಬಿದ್ದೊಡನೆ ಇಡೀ ಮನೆಯೇ ಎದೆಗುಂದುತ್ತದೆ. ದೇಹವನ್ನು ಕೊಯ್ಯುವ ಭಯ ಒಂದೆಡೆ, ನಾಟಿ ಅಥವಾ ಕಟಾವಿನ ಕಾಲದಲ್ಲಿ ವಾರಗಟ್ಟಲೆ ಹಾಸಿಗೆ ಹಿಡಿಯಬೇಕಾದೀತೆಂಬ ಚಿಂತೆ ಇನ್ನೊಂದೆಡೆ. ಹೀಗೆ ಮುಂದೂಡುವುದರಲ್ಲಿಯೇ ಸಣ್ಣ ಕಾಯಿಲೆ ದೊಡ್ಡದಾಗಿ ಬೆಳೆಯುತ್ತದೆ. ಕೊಯ್ಯದೆಯೇ ಗುಣಪಡಿಸಲು ಸಾಧ್ಯವೇ ಎಂಬ ಪ್ರಶ್ನೆಗೆ ವೈದ್ಯವಿಜ್ಞಾನವು ನೀಡಿರುವ ಉತ್ತರಗಳಲ್ಲಿ ಒಂದು, ಕೇಂದ್ರೀಕೃತ ಅಲ್ಟ್ರಾಸೌಂಡ್ ಚಿಕಿತ್ಸೆ.

ಮನುಷ್ಯನ ಕಿವಿ ಸೆಕೆಂಡಿಗೆ ಸುಮಾರು 20ರಿಂದ 20,000 ಕಂಪನಗಳವರೆಗಿನ ಧ್ವನಿಯನ್ನು ಗ್ರಹಿಸಬಲ್ಲದು. ಅದನ್ನು ಮೀರಿದುದೇ ಅಲ್ಟ್ರಾಸೌಂಡ್. ಗರ್ಭಿಣಿಯರ ಸ್ಕ್ಯಾನಿಂಗ್‌ನಲ್ಲಿ ಬಳಸುವುದೂ ಇದನ್ನೇ. ಆದರೆ ಅಲ್ಲಿ ಧ್ವನಿಯ ಕೆಲಸ ನೋಡುವುದಷ್ಟೇ. ಇಲ್ಲಿ ಅದು ಚಿಕಿತ್ಸೆಯ ಸಾಧನವಾಗುತ್ತದೆ.

ತಿರುಮಕೂಡಲಿನಲ್ಲಿ ಕಾವೇರಿ ಮತ್ತು ಕಪಿಲೆ ಕೂಡಿದ ಬಳಿಕ ಹರಿವಿನ ಬಲ ಹೆಚ್ಚುವುದನ್ನು ನಾವು ಕಂಡಿದ್ದೇವೆ. ಈ ಚಿಕಿತ್ಸೆಯಲ್ಲಿಯೂ ಹಲವು ದಿಕ್ಕುಗಳಿಂದ ಹೊರಟ ಧ್ವನಿತರಂಗಗಳು ದೇಹದೊಳಗಿನ ಒಂದೇ ಬಿಂದುವಿನಲ್ಲಿ ಸಂಗಮಿಸುತ್ತವೆ. ಪ್ರತಿಯೊಂದು ತರಂಗವೂ ದುರ್ಬಲವಾದುದರಿಂದ ದಾರಿಯ ಚರ್ಮ, ಮಾಂಸಗಳಿಗೆ ಸಾಮಾನ್ಯವಾಗಿ ಹಾನಿಯಾಗದು. ಕೂಡಿದೆಡೆಯಲ್ಲಿ ಮಾತ್ರ ಶಾಖವು ಸುಮಾರು 60 ಡಿಗ್ರಿ ಸೆಲ್ಸಿಯಸ್‌ಗೆ ಏರಿ, ಕೆಲವೇ ಮಿಲಿಮೀಟರುಗಳಷ್ಟು ರೋಗಗ್ರಸ್ತ ಅಂಗಾಂಶ ನಾಶವಾಗುತ್ತದೆ.

ಗುರಿ ಇಷ್ಟು ಕಿರಿದಾಗಿರುವಾಗ ಕೈ ನಡುಗಬಾರದು, ಅಳತೆ ತಪ್ಪಬಾರದು. ರೋಬಾಟ್ ನೆರವಾಗುವುದು ಇಲ್ಲಿಯೇ. ಎಂ.ಆರ್.ಐ. ಅಥವಾ ಸ್ಕ್ಯಾನ್ ಚಿತ್ರವನ್ನು ನೋಡಿ ವೈದ್ಯರು ಗುರಿಯನ್ನು ಗುರುತಿಸುತ್ತಾರೆ. ಯಂತ್ರದ ತೋಳು ಧ್ವನಿ ಹೊಮ್ಮಿಸುವ ಉಪಕರಣವನ್ನು ಆ ಗುರಿಗೆ ನಿಖರವಾಗಿ ತಿರುಗಿಸುತ್ತದೆ. ರೋಬಾಟ್ ತಾನಾಗಿ ಏನನ್ನೂ ನಿರ್ಧರಿಸುವುದಿಲ್ಲ. ಯೋಚನೆ ವೈದ್ಯರದು, ಸ್ಥಿರತೆ ಯಂತ್ರದ್ದು.

ಈ ದಾರಿಯ ಹಿಂದೆ ದೀರ್ಘ ಪರಿಶ್ರಮವಿದೆ. 1980ರಲ್ಲಿ ಜರ್ಮನಿಯ ಮ್ಯೂನಿಕ್ ನಗರದಲ್ಲಿ ದೇಹದ ಹೊರಗಿನಿಂದಲೇ ಆಘಾತ ತರಂಗಗಳನ್ನು ಹಾಯಿಸಿ ಮೂತ್ರಪಿಂಡದ ಕಲ್ಲನ್ನು ಪುಡಿಗೈಯಲಾಯಿತು. ಆ ಚಿಕಿತ್ಸೆ ಇಂದು ನಮ್ಮ ನಗರಗಳಲ್ಲಿಯೂ ಪರಿಚಿತವಾಗಿದೆ. ಕೇಂದ್ರೀಕೃತ ಅಲ್ಟ್ರಾಸೌಂಡ್‌ಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು 2004ರಲ್ಲಿ ಗರ್ಭಕೋಶದ ಫೈಬ್ರಾಯ್ಡ್ ಗೆಡ್ಡೆಗಳಿಗೂ, 2016ರಲ್ಲಿ ಔಷಧಿಗೆ ಬಗ್ಗದ ಕೈನಡುಕಕ್ಕೂ ಅನುಮತಿ ನೀಡಿತು. ಕೈನಡುಕದ ಚಿಕಿತ್ಸೆಯಲ್ಲಿ ಸಾವಿರಕ್ಕೂ ಹೆಚ್ಚು ಧ್ವನಿಮೂಲಗಳುಳ್ಳ ಶಿರಸ್ತ್ರಾಣವನ್ನು ತೊಡಿಸುತ್ತಾರೆ, ತಲೆಬುರುಡೆಯನ್ನು ತೆರೆಯುವುದಿಲ್ಲ. ಶಾಖದ ಬದಲು ಸೂಕ್ಷ್ಮ ಗುಳ್ಳೆಗಳಿಂದ ಯಕೃತ್ತಿನ ಗೆಡ್ಡೆಯನ್ನು ಒಡೆಯುವ ‘ಹಿಸ್ಟೋಟ್ರಿಪ್ಸಿ’ ಎಂಬ ವಿಧಾನಕ್ಕೆ 2023ರಲ್ಲಿ ಅಲ್ಲಿಯೇ ಅನುಮತಿ ದೊರೆಯಿತು.

ಆದರೆ ಇದು ಎಲ್ಲ ರೋಗಗಳಿಗೂ ಮದ್ದಲ್ಲ. ಈ ಅಲ್ಟ್ರಾಸೌಂಡ್ ತರಂಗಗಳು ಗಾಳಿಯನ್ನು ಸುಲಭವಾಗಿ ದಾಟಲಾರವು. ಮೂಳೆಯೂ ಅವುಗಳಿಗೆ ತಡೆಯೊಡ್ಡುತ್ತದೆ. ಆದ್ದರಿಂದ ಶ್ವಾಸಕೋಶ, ಕರುಳುಗಳ ಹಿಂದೆ ಅಡಗಿರುವ ಗೆಡ್ಡೆಯನ್ನು ತಲುಪುವುದು ಕಷ್ಟ. ದೇಹದೆಲ್ಲೆಡೆ ಹರಡಿದ ಕ್ಯಾನ್ಸರನ್ನು ಇದೊಂದರಿಂದಲೇ ಗುಣಪಡಿಸಲಾಗದು. ನೋವು, ಚರ್ಮದ ಸುಟ್ಟಗಾಯ, ಮೆದುಳಿನ ಚಿಕಿತ್ಸೆಯ ನಂತರ ಜೋಮು ಅಥವಾ ನಡಿಗೆಯಲ್ಲಿ ತಡವರಿಕೆ ಉಂಟಾಗುವುದೂ ಉಂಟು. ನಮ್ಮ ದೇಶದಲ್ಲಿ ಈ ಯಂತ್ರಗಳಿರುವುದು ಕೆಲವೇ ದೊಡ್ಡ ಆಸ್ಪತ್ರೆಗಳಲ್ಲಿ, ವೆಚ್ಚವೂ ಹೆಚ್ಚು.

ಆದುದರಿಂದ ಜಾಹೀರಾತನ್ನು ನಂಬಿ ಸಾಲ ಮಾಡಿ ಓಡುವುದೂ ಸರಿಯಲ್ಲ, ‘ಕೊಯ್ಯದ ಚಿಕಿತ್ಸೆ ನಮ್ಮೂರಿಗೂ ಬರಲಿ’ ಎಂದು ಕಾಯುತ್ತ ರೋಗವನ್ನು ಬೆಳೆಸುವುದೂ ಸರಿಯಲ್ಲ. ಅತಿಯಾದ ಮುಟ್ಟಿನ ಸ್ರಾವ, ಮೂತ್ರದಲ್ಲಿ ರಕ್ತ, ಲೋಟ ಹಿಡಿಯಲಾಗದಷ್ಟು ಕೈನಡುಕ ಕಂಡುಬಂದರೆ ಮೊದಲು ತಾಲ್ಲೂಕು ಆಸ್ಪತ್ರೆಗೆ ಹೋಗಬೇಕು. ತಜ್ಞರನ್ನು ಕಂಡಾಗ ಮೂರು ಪ್ರಶ್ನೆಗಳನ್ನು ಕೇಳಬೇಕು: ನನ್ನ ಕಾಯಿಲೆಗೆ ಇದು ಹೊಂದುತ್ತದೆಯೇ? ಬೇರೆ ದಾರಿಗಳಾವುವು? ಮತ್ತೆ ಮರುಕಳಿಸುವ ಸಂಭವವೆಷ್ಟು?

ಕೊಯ್ಯದೆ ಗುಣವಾಗುವುದು ಭಾಗ್ಯವೇ ಸರಿ. ಕೊಯ್ದೇ ಗುಣಪಡಿಸಬೇಕಾದಾಗ ಅದಕ್ಕೆ ಧೈರ್ಯದಿಂದ ಒಪ್ಪುವುದು ವಿವೇಕ. ಇವೆರಡರಲ್ಲಿ ಯಾವುದಕ್ಕೂ ಹಾದಿ ತೆರೆಯುವುದು ಸಕಾಲದ ತಪಾಸಣೆಯೇ ಎಂಬುದನ್ನು ನಾವೆಲ್ಲರೂ ಮನಗಾಣಬೇಕು.