ಬಟ್ಟೆಯ ಮೇಲೆ ಬಳಪ

ಗೋಕಾಕ ಫಾಲ್ಸ್‌ನ ನಮ್ಮ ಮನೆಯ ಗೂಡಿನಲ್ಲಿ ಅಜ್ಜನ ದೌತಿ ಇನ್ನೂ ಇದೆ. ಹಿತ್ತಾಳೆಯದು. ತಳದಲ್ಲಿ ಶಾಯಿ ಒಣಗಿ ನೀಲಿಗಟ್ಟಿದೆ. ಮಿಲ್ಲಿನ ಭೋಂಗಾ ಆದ ಮೇಲೆ ಮನೆಗೆ ಬಂದು, ಕೈಕಾಲು ತೊಳೆದು, ಅಜ್ಜ ಟಾಕು ಹಿಡಿದು ಕೂತರೆಂದರೆ ನಾವು ಮಕ್ಕಳು ಗದ್ದಲ ಮಾಡುವಂತಿರಲಿಲ್ಲ. ಟಾಕನ್ನು ಅದ್ದುವುದು, ದೌತಿಯ ಬಾಯಿಗೆ ಒಮ್ಮೆ ಒರೆಸುವುದು, ನಾಲ್ಕೈದು ಶಬ್ದ ಬರೆದು ಮತ್ತೆ ಅದ್ದುವುದು. ಮುಂದಿನ ಮಾತು ಹುಟ್ಟುತ್ತಿದ್ದುದು ಆ ಅದ್ದುವ ಹೊತ್ತಿನಲ್ಲೇ ಇರಬೇಕು. ಪತ್ರ ಮುಗಿದ ಮೇಲೆ ಒತ್ತುಕಾಗದವಿಟ್ಟು ಅಂಗೈಯಿಂದ ಒತ್ತುವ ಕೆಲಸ ನನ್ನದು. ಅದರಲ್ಲಿ ತಿರುವುಮುರುವಾಗಿ ಮೂಡಿದ ಅಕ್ಷರಗಳನ್ನು ಕನ್ನಡಿಗೆ ಹಿಡಿದು ಓದುವ ಸುಖ ಬೇರೆ ಯಾವ ಓದಿನಲ್ಲೂ ನನಗೆ ಸಿಕ್ಕಿಲ್ಲ.

ನಮ್ಮ ಕಡೆ ಸ್ಲೇಟು ಎಂದರೆ ಪಾಟಿ, ಮಸಿ ಎಂದರೆ ಶಾಯಿ. 1956ರವರೆಗೆ ಮುಂಬಯಿ ಆಡಳಿತದಲ್ಲಿದ್ದ ನೆಲವಿದು. ಮರಾಠಿಯ ಒಡನಾಟ ಬರೆಯುವ ಸಾಮಾನುಗಳ ಹೆಸರಿನಲ್ಲೂ ಉಳಿದಿದೆ. ಬರೆಯುವವರಿಗೂ ಈ ನೆಲದಲ್ಲಿ ಬರವಿರಲಿಲ್ಲ. 1900ರಲ್ಲಿ ಗೋಕಾಕ ತಾಲೂಕಿನ ಬೆಟಗೇರಿಯಲ್ಲಿ ಹುಟ್ಟಿದ ಬೆಟಗೇರಿ ಕೃಷ್ಣಶರ್ಮರು ‘ಆನಂದಕಂದ’ರಾಗಿ ಬರೆದರು, 1938ರಲ್ಲಿ ‘ಜಯಂತಿ’ ಮಾಸಪತ್ರಿಕೆ ಆರಂಭಿಸಿದರು. ಕಾದಂಬರಿಕಾರ ಬಸವರಾಜ ಕಟ್ಟೀಮನಿಯವರು ಇದೇ ತಾಲೂಕಿನ ಮಲಾಮರಡಿಯವರು. ಅವರ ಕಾಲದಲ್ಲಿ ಕಾದಂಬರಿಯೆಂದರೆ ಪುಟಪುಟವೂ ಕೈಬರಹ. ನೆನೆದಾಗ ನನ್ನ ಬೆರಳು ನೋಯುತ್ತದೆ, ಹೊಟ್ಟೆಕಿಚ್ಚೂ ಆಗುತ್ತದೆ.

ದೌತಿ-ಟಾಕಿಗಿಂತ ಹಿಂದಿನ ಒಂದು ಸಾಧನ ಕೆಲವು ವರ್ಷಗಳಿಂದ ನನ್ನ ತಲೆ ಹೊಕ್ಕು ಕೂತಿದೆ. ಅದರ ಹೆಸರು ನಿಮಗೆ ಗೊತ್ತಿರುವುದೇ: ಕಡತ. ತಹಶೀಲ್ದಾರ ಕಚೇರಿಯ ಮೆಟ್ಟಿಲು ಹತ್ತಿದವರೆಲ್ಲ ‘ಕಡತ ಇನ್ನೂ ಮೇಲಿನಿಂದ ಬಂದಿಲ್ಲ’ ಎಂಬ ಮಾತು ಕೇಳಿರುತ್ತಾರೆ. ಇಂದು ಅದು ದಾರ ಕಟ್ಟಿದ ಕಾಗದಗಳ ಕಟ್ಟು. ಹಿಂದೆ ಅದು ಬಟ್ಟೆಯ ಪುಸ್ತಕವಾಗಿತ್ತು.

ಮೈಸೂರಿನಲ್ಲಿ ರೆಸಿಡೆಂಟ್ ಆಗಿದ್ದ ಮಾರ್ಕ್ ವಿಲ್ಕ್ಸ್, 1810ರಲ್ಲಿ ಹೊರಬಂದ ತನ್ನ ಇತಿಹಾಸ ಗ್ರಂಥದಲ್ಲಿ ಇದನ್ನು ಕಣ್ಣಿಗೆ ಕಟ್ಟುವಂತೆ ವರ್ಣಿಸಿದ್ದಾನೆ. 8 ಇಂಚಿನಿಂದ 1 ಅಡಿ ಅಗಲ, 12ರಿಂದ 18 ಅಡಿ ಉದ್ದದ ಹತ್ತಿಬಟ್ಟೆ. ಅದರ ಎರಡೂ ಮಗ್ಗುಲಿಗೆ ಇದ್ದಲ ಪುಡಿ ಕಲಸಿದ ಅಂಟಿನ ಲೇಪ. ಒಣಗಿದ ಮೇಲೆ ಬೀಸಣಿಗೆಯಂತೆ ಒಂದೇ ಅಳತೆಯ ಮಡಿಕೆ, ಎರಡು ತುದಿಗೂ ರಟ್ಟಿನ ಬದಲು ತೆಳು ಹಲಗೆ. ಬರೆಯುವುದು ಬಳಪದಿಂದ. ಕಪ್ಪು ನೆಲದ ಮೇಲೆ ಬಿಳಿ ಅಕ್ಷರ. ಮಡಚಿ ಕಂಕುಳಲ್ಲಿ ಇಟ್ಟುಕೊಂಡು ಹೋಗಬಹುದಾದ ಪಾಟಿಯೆಂದರೆ ಸರಿಯಾದೀತು.

ಆ ಬಳಪವಾದರೂ ಎಂಥದು! 1117ರಲ್ಲಿ ಪ್ರತಿಷ್ಠೆಯಾದ ಬೇಲೂರಿನ ಚೆನ್ನಕೇಶವ ಗುಡಿಯ ಮದನಿಕೆಯರು ನಿಂತಿರುವುದು ಬಳಪದ ಕಲ್ಲಿನಲ್ಲೇ. ಶಿಲ್ಪಿಯ ಉಳಿಗೆ ಬೆಣ್ಣೆಯಂತೆ ಒಲಿದ ಕಲ್ಲು ಲೆಕ್ಕ ಬರೆಯುವವನ ಬೆರಳಿಗೂ ಒಲಿಯಿತು.

ತಾಳೆಗರಿಯ ಹದ ಇನ್ನೊಂದು. ಅಲ್ಲಿ ಕಬ್ಬಿಣದ ಕಂಠದಿಂದ ಕೊರೆದು, ಮೇಲೆ ಕಾಡಿಗೆ ತಿಕ್ಕಿದರೆ ಅಕ್ಷರ ಎದ್ದು ಕಾಣುತ್ತದೆ. ಅಡ್ಡ ಗೆರೆ ಎಳೆದರೆ ಗರಿ ಎಳೆಯುದ್ದಕ್ಕೂ ಸೀಳುತ್ತದೆ. ನಮ್ಮ ಲಿಪಿ ಇಷ್ಟು ದುಂಡಗಾಗಲು ಅದೇ ಕಾರಣವೆಂದು ಬಲ್ಲವರು ಹೇಳುತ್ತಾರೆ. ಕೊರೆದ ತಪ್ಪು ಕೊರೆದದ್ದೇ. ಕಡತ ಹಾಗಲ್ಲ. ಒದ್ದೆ ಬಟ್ಟೆಯಿಂದ ಒರೆಸಿ ಮತ್ತೆ ಬರೆಯಬಹುದು, ಲೇಪ ಸವೆದರೆ ಮತ್ತೆ ಬಳಿಯಬಹುದು. ಅಳಿಸಲು ಅಷ್ಟು ಸುಲಭವಾದ ಬರಹ ಉಳಿದದ್ದು ಮಾತ್ರ ತಲೆಮಾರುಗಟ್ಟಲೆ. ಶೃಂಗೇರಿ ಮಠದ ಕಡತಗಳು ಇತಿಹಾಸ ಬರೆಯುವವರಿಗೆ ಇಂದಿಗೂ ಕಣಜ. ಅಳಿಸಬಾರದೆಂಬ ಎಚ್ಚರ ಕಾಯ್ದವರ ಕೈಯಲ್ಲಿತ್ತು, ಸಾಮಾನಿನಲ್ಲಿರಲಿಲ್ಲ. ಈ ಮಾತು ಹೊಳೆದ ದಿನವೇ ನಾನೂ ಒಂದು ಕಡತ ಮಾಡಿ ನೋಡಬೇಕೆಂದುಕೊಂಡೆ.

ಬೇಕಾದದ್ದೆಲ್ಲ ಸುತ್ತಮುತ್ತಲೇ ಇತ್ತು. 1887ರಿಂದ ನೂಲು ತೆಗೆದ ಮಿಲ್ಲಿನ ಊರಿನಲ್ಲಿ ಹತ್ತಿಯ ಮಾತಿಗೆ ಕೊರತೆಯೇ? ಅಂಟಿಗೆ ಹುಣಸೆ ಬೀಜ. ಕಂಬಳಿ ನೇಯುವವರು ಉಣ್ಣೆಗೆ ಹಾಕುವ ಗಂಜಿಯೂ ಇದೇ ಬೀಜದ್ದು. ಬೀಜ ಹುರಿದು, ಸಿಪ್ಪೆ ತೆಗೆದು, ರಾತ್ರಿ ನೆನೆಹಾಕಿ, ರುಬ್ಬಿ ಕುದಿಸಿದೆ. ತೆಂಗಿನ ಚಿಪ್ಪು ಸುಟ್ಟ ಇದ್ದಲನ್ನು ಕುಟ್ಟಿ ಬಟ್ಟೆಯಲ್ಲಿ ಸೋಸಿದೆ. ಎರಡನ್ನೂ ಕಲಸಿ ಹಳೆಯ ಧೋತರದ ಒಂದು ಪಟ್ಟಿಗೆ ಬಳಿದು ಮಾಳಿಗೆಯ ಮೇಲೆ ಬಿಸಿಲಿಗೆ ಹಾಕಿದೆ. ಮಳೆಗಾಲದಲ್ಲಾಗಿದ್ದರೆ ಆಗುತ್ತಿರಲಿಲ್ಲ, ಘಟಪ್ರಭೆ 52 ಮೀಟರ್ ಕೆಳಗೆ ಧುಮುಕುವ ಆ ದಿನಗಳಲ್ಲಿ ನಮ್ಮೂರಿನ ಗಾಳಿಯೇ ಹಸಿ. ಒಣಗಿದ ಮೇಲೆ ಹೊಳೆಯ ನುಣುಪು ಕಲ್ಲಿನಿಂದ ತಿಕ್ಕಿದೆ.

ಮೊದಲ ಸಲ ಮಡಚಿದಲ್ಲೆಲ್ಲ ಲೇಪ ಬಿರಿದು ಉದುರಿತು. ಗಂಜಿ ಮಂದವಾಗಿತ್ತು. ಎರಡನೆಯ ಪಟ್ಟಿಗೆ ನೀರಾಗಿ ಕಲಸಿ ಮೂರು ಸಲ ತೆಳ್ಳಗೆ ಬಳಿದೆ. ಅದು ಮಡಿಕೆಗೆ ಬಗ್ಗಿತು.

ಬಳಪ ಹಿಡಿದು ಕೂತಾಗ ತಿಳಿದದ್ದು, ಬಟ್ಟೆ ಕೈಯನ್ನು ಹಿಡಿದು ನಿಲ್ಲಿಸುತ್ತದೆ. ಕಾಗದದ ಮೇಲೆ ಓಡುವಂತೆ ಇಲ್ಲಿ ಓಡಲಾಗದು. ನೇಯ್ಗೆಯ ಎಳೆಗೆ ಬಳಪ ಸಣ್ಣಗೆ ತಡೆಯುತ್ತದೆ, ‘ಕ’ದ ತಲೆಕಟ್ಟು ಎಳೆಯುವಾಗ ಬೆರಳ ತುದಿಗೆ ಒಂದೊಂದು ಎಳೆಯೂ ತಾಕುತ್ತದೆ. ಅವ್ವ ಪಕ್ಕದಲ್ಲಿ ಕೂತು ನೋಡುತ್ತಿದ್ದಳು. ‘ಸಂತಿ ಲೆಕ್ಕಾ ಬರಿ’ ಅಂದಳು. ಜೋಳ, ಬೆಲ್ಲ, ಶೇಂಗಾ ಎಣ್ಣೆ, ಹಸಿಮೆಣಸಿನಕಾಯಿ ಎಂದು ಅವಳು ಹೇಳಿದಂತೆ ಬರೆದೆ. ಬೆಲ್ಲದ ಬೆಲೆ ತಪ್ಪಾಗಿತ್ತು. ಸೆರಗಿನ ತುದಿಯನ್ನು ನೀರಿಗೆ ಅದ್ದಿ ಅವ್ವ ತಾನೇ ಒರೆಸಿದಳು, ಬಳಪ ನನ್ನ ಕೈಯಿಂದ ಇಸಿದುಕೊಂಡು ಸರಿಯಾದ ಅಂಕಿ ಬರೆದಳು.