ಹುಚ್ಚೆಳ್ಳಿಗೆ ಹುಚ್ಚೆಲ್ಲಿಯದು?

ರೈತಬಾಂಧವರೆ, ಹುಚ್ಚೆಳ್ಳು ತಿಂದರೆ ಹುಚ್ಚು ಹಿಡಿಯುವುದಿಲ್ಲ! ಎಳ್ಳಿನ ಹಾಗೆ ಎಣ್ಣೆ ಕೊಟ್ಟರೂ ಎಳ್ಳಲ್ಲದ ಕಾಳಿಗೆ ಅಂಟಿದ ಹೆಸರು ಇದು. ಇದರ ಬಳಗ ಸೂರ್ಯಕಾಂತಿಯದು. ಹಳದಿ ಹೂ ನೋಡಿದರೇ ಗೊತ್ತಾಗುತ್ತದೆ. ಉತ್ತರ ಕರ್ನಾಟಕದವರು ಇದನ್ನೇ ಗುರೆಳ್ಳು ಅಂತಾರೆ. ಜೋಳದ ರೊಟ್ಟಿಗೆ ಗುರೆಳ್ಳಿನ ಚಟ್ನಿಪುಡಿ ಇದ್ದರೆ ಬೇರೇನು ಬೇಕು? ಬೆಳೆಯ ತವರು ಇಥಿಯೋಪಿಯ. ಅಲ್ಲಿ ಇದು ‘ನೂಗ್’. ಆ ದೇಶದ ಹಳೆಯ ಹೆಸರಾದ ಅಬಿಸೀನಿಯ, ‘ಗೈಜೋಷಿಯ ಅಬಿಸಿನಿಕ’ ಎಂಬ ಶಾಸ್ತ್ರೀಯ ಹೆಸರಿನಲ್ಲಿ ಇಂದಿಗೂ ಉಳಿದಿದೆ.

ಬೀಜ ಕೊಳ್ಳುವಾಗ ಮಾತ್ರ ಬರೀ ‘ಕರಿ ಎಳ್ಳು’ ಅಂದೀರಿ, ಜೋಕೆ! ಅದು ಬೇರೆಯೇ ಬೆಳೆ. ಬಿತ್ತಿದ ಮೇಲೆ ತಿಳಿದರೆ ಹಂಗಾಮು ಹೋದಂತೆಯೇ. ಎಳ್ಳು ಚಪ್ಪಟೆ, ಹುಚ್ಚೆಳ್ಳು ಸಪೂರ, ಉದ್ದ, ಹೊಳಪು. ಅಂಗೈ ಮೇಲೆ ಹಾಕಿ ನೋಡಿ, ಆಮೇಲೆ ದುಡ್ಡು ಕೊಡಿ.